ಜಡೆಯ ಕೊನೆಯ ಗೇಣು

ಹೆಣ್ಣಿನ ಜಡೆಗೆ ಕತ್ತರಿ ತಾಗಿಸುವುದೆಂದರೆ ಹಿತ್ತಿಲಿನ ತೆಂಗಿನ ಮರವನ್ನು ಕಡಿಸುವಷ್ಟೇ ಗಂಭೀರವಾದ ವಿಚಾರವೆಂದು ಬಗೆಯುವ ಮನೆಗಳು ಈಗಲೂ ಎಷ್ಟೋ ಇವೆ. ಗಂಡಸು ತಿಂಗಳಿಗೊಮ್ಮೆ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತು, ವೃತ್ತಪತ್ರಿಕೆಯ ಒಂದು ಪುಟ ಮುಗಿಯುವುದರೊಳಗೆ ಅರ್ಧ ತಲೆಯನ್ನು ನೆಲಕ್ಕೆ ಸುರಿದು ಬರುತ್ತಾನೆ. ಅದನ್ನು ಯಾರೂ ಕೇಳುವುದಿಲ್ಲ. ಅದೇ ಮನೆಯ ಹೆಣ್ಣುಮಗಳು ಜಡೆಯ ತುದಿಯಿಂದ ಎರಡು ಅಂಗುಲ ತೆಗೆಯಬೇಕೆಂದರೆ ವಾರ, ತಿಥಿ, ನಕ್ಷತ್ರಗಳೆಲ್ಲ ಎದ್ದು ಅಡ್ಡ ನಿಲ್ಲುತ್ತವೆ. ಮಂಗಳವಾರ ಕೂಡದು, ಶುಕ್ರವಾರ ಸರ್ವಥಾ ಕೂಡದು, ಹುಟ್ಟಿದ ದಿನ ಕೂಡದು, ದೀಪ ಹಚ್ಚಿದ ಮೇಲಂತೂ ಬಾಚಣಿಗೆಯನ್ನೇ ಮುಟ್ಟಕೂಡದು. ಇಷ್ಟನ್ನೂ ಕಳೆದು ಒಂದು ದಿನ ಉಳಿದರೆ, ಅಂದು ಮನೆಯಲ್ಲಿ ಕತ್ತರಿಯೇ ಸಿಕ್ಕುವುದಿಲ್ಲ.

ಇದನ್ನು ಬರಿಯ ಮೂಢನಂಬಿಕೆಯೆಂದು ನಕ್ಕುಬಿಡುವುದು ಸುಲಭ. ಆದರೆ ಈ ಅಂಜಿಕೆಯ ಹಿಂದೆ ನಗೆಯಾಡುವಂತಹುದಲ್ಲದ ಒಂದು ಚರಿತ್ರೆಯಿದೆ. ಗಂಡನನ್ನು ಕಳೆದುಕೊಂಡ ಎಳೆಯ ಹುಡುಗಿಯರ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆಯ ಹೊಗೆಯಲ್ಲಿ ಆಯುಷ್ಯವನ್ನೆಲ್ಲ ಕಳೆಯುವಂತೆ ಮಾಡಿದ ಮನೆತನಗಳು ಈ ನಾಡಿನಲ್ಲಿದ್ದವು. 1976ರಲ್ಲಿ ಪ್ರಕಟವಾದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿದವರಿಗೆ ಆ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ಅಜ್ಜಿಯರನ್ನು ಕಣ್ಣಾರೆ ಕಂಡು ಬೆಳೆದ ಹೆಂಗಸರಿಗೆ ಕತ್ತರಿಯ ಸದ್ದೇ ಅಮಂಗಳವಾಗಿ ಕೇಳಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ಕಾಯುತ್ತಿದ್ದದ್ದು ಜಡೆಯನ್ನಲ್ಲ, ಜಡೆ ಇರುವ ಭಾಗ್ಯವನ್ನು.

ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಗೃಹಿಣಿಯೊಬ್ಬಳಿಗೆ 2025ರ ಆಷಾಢದಲ್ಲಿ ಜಡೆಯ ಈ ಸಮಸ್ಯೆ ಎದುರಾಯಿತು. ವಯಸ್ಸು ನಲವತ್ತರ ಹತ್ತಿರ. ಕೆಲಸಕ್ಕೆ ಸೇರಿದಂದಿನಿಂದ 2020ರ ಆರಂಭದವರೆಗೂ ಆಕೆ ಕೂದಲನ್ನು ಕುತ್ತಿಗೆಗೆ ತಾಗದಂತೆ ಗಿಡ್ಡವಾಗಿ ಕತ್ತರಿಸಿಕೊಂಡಿದ್ದಳು. ಬೆಳಗ್ಗೆ ಎದ್ದರೆ ಮಕ್ಕಳ ತಿಂಡಿ, ಡಬ್ಬಿ, ಶಾಲೆಯ ಗಂಟೆ. ಇವುಗಳ ನಡುವೆ ಜಡೆ ಹೆಣೆಯುತ್ತ ಕೂರಲು ಪುರುಸೊತ್ತೆಲ್ಲಿ? ಹಾಸನದಲ್ಲಿದ್ದ ತಾಯಿಗೆ ಮಾತ್ರ ಅದೊಂದು ತೀರದ ಕೊರಗಾಗಿತ್ತು. “ಹುಟ್ಟುವಾಗಲೇ ತಲೆ ತುಂಬ ಕೂದಲಿತ್ತು ಕಣೇ ನಿನಗೆ. ನಾನು ಇರುವುದರೊಳಗೆ ಒಂದು ಸಲ ಸೊಂಟದವರೆಗೆ ಬಿಟ್ಟು ತೋರಿಸು” ಎಂದು ಬಂದಾಗಲೆಲ್ಲ ಹೇಳುತ್ತಿದ್ದರು. ತಾಯಂದಿರ ಕೋರಿಕೆಗಳಲ್ಲಿ ಇಷ್ಟು ಅಗ್ಗದ್ದು ಅಪರೂಪ. ಮಗಳು ಒಪ್ಪಿದಳು, ಪಾರ್ಲರಿಗೆ ಹೋಗುವುದನ್ನು ನಿಲ್ಲಿಸಿದಳು.

ಕೂದಲು ಬೆಳೆಯಿತು. ಅದು ಯಾರ ಅಪ್ಪಣೆಗೂ ಕಾಯದೆ, ಯಾರ ಅವಸರಕ್ಕೂ ಓಡದೆ, ತಿಂಗಳಿಗೆ ಸುಮಾರು 1.2 ಸೆಂಟಿಮೀಟರಿನಂತೆ, ಎಂದರೆ ವರ್ಷಕ್ಕೆ ಅರ್ಧ ಅಡಿಗೆ ತುಸು ಕಡಮೆಯಾಗಿ ಬೆಳೆಯುವ ವಸ್ತು. ಹೆಗಲು ದಾಟಿತು, ಬೆನ್ನಿಗಿಳಿಯಿತು. ಅಷ್ಟರಲ್ಲಿ 2023ರ ಮಳೆಗಾಲ ಬಂತು. ಊರೂರಿಗೆ ಹರಡಿದ ಡೆಂಗ್ಯೂ ಜ್ವರ ಆಕೆಯನ್ನೂ ಹಿಡಿಯಿತು. ಒಂದು ವಾರ ಮಲಗಿ ಎದ್ದವಳು ಗುಣವಾದೆನೆಂದು ಪಾಠಕ್ಕೆ ಹೋಗತೊಡಗಿದಳು. ಮೂರು ತಿಂಗಳ ಮೇಲೆ, ಊರೆಲ್ಲ ದಸರೆಯ ದೀಪಗಳಲ್ಲಿ ಮುಳುಗಿದ್ದಾಗ, ಬಚ್ಚಲಿನ ತೂಬು ಕಟ್ಟಿಕೊಂಡಿತು. ಬಾಚಣಿಗೆ ಹಾಕಿದರೆ ಹಿಡಿ ಹಿಡಿ ಕೂದಲು. ದಿಂಬಿನ ಮೇಲೆ ಕೂದಲು, ಸಾರಿನಲ್ಲಿ ಕೂದಲು, ತಿದ್ದಿದ ಉತ್ತರಪತ್ರಿಕೆಗಳ ನಡುವೆ ಕೂದಲು.

ಜ್ವರ ಬಿಟ್ಟ ಇಷ್ಟು ದಿನದ ಮೇಲೆ ಇದೇಕೆಂದು ಹೆದರಿ ವೈದ್ಯರಲ್ಲಿಗೆ ಹೋದಾಗ ತಿಳಿದ ವಿಷಯ ಸ್ವಾರಸ್ಯವಾಗಿತ್ತು. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದಕ್ಕೂ ಅದರದೇ ಆಯುಷ್ಯ: 2ರಿಂದ 6 ವರ್ಷ ಬೆಳೆಯುವ ಕಾಲ, ಎರಡು ಮೂರು ವಾರ ಬೆಳವಣಿಗೆ ನಿಲ್ಲುವ ಕಾಲ, ಆಮೇಲೆ ಸುಮಾರು 3 ತಿಂಗಳ ವಿಶ್ರಾಂತಿ, ಅದು ಮುಗಿದೊಡನೆ ಕೂದಲು ಉದುರಿ ಅದೇ ಬುಡದಲ್ಲಿ ಹೊಸದು ಮೊಳೆಯುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಆರೋಗ್ಯವಂತರಲ್ಲಿಯೂ ಸಹಜ. ಕಠಿಣವಾದ ಜ್ವರವೋ ಹೆರಿಗೆಯೋ ದೊಡ್ಡ ಶಸ್ತ್ರಚಿಕಿತ್ಸೆಯೋ ಆದಾಗ, ಬೆಳೆಯುತ್ತಿದ್ದ ಕೂದಲುಗಳಲ್ಲಿ ಒಂದು ದೊಡ್ಡ ಪಾಲು ಒಟ್ಟಿಗೇ ಬೆಳವಣಿಗೆಯನ್ನು ನಿಲ್ಲಿಸಿ ವಿಶ್ರಾಂತಿಗೆ ಹೋಗಿಬಿಡುತ್ತವೆ. ಮೂರು ತಿಂಗಳು ಕಳೆದ ಮೇಲೆ ಒಟ್ಟಿಗೇ ಉದುರುತ್ತವೆ. ಜ್ವರದ ಬಾಕಿಯನ್ನು ಕೂದಲು ತಡವಾಗಿ ತೀರಿಸುತ್ತದೆ ಎಂದಾಯಿತು. ಬುಡ ಸಾಯುವುದಿಲ್ಲವಾದ್ದರಿಂದ ಹೊಸ ಕೂದಲು ಬಂದೇ ಬರುತ್ತದೆ. ವೈದ್ಯರು ಹೇಳಿದಂತೆಯೇ ಬಂತು. ಆರು ತಿಂಗಳಲ್ಲಿ ಹಣೆಯ ಮೇಲೆ ಗರಿಕೆ ಹುಲ್ಲಿನಂತೆ ನಿಮಿರಿ ನಿಂತು, ಎಷ್ಟು ನೀರು ಹಚ್ಚಿ ಬಾಚಿದರೂ ಬಗ್ಗದೆ, ತರಗತಿಯ ಹುಡುಗಿಯರ ನಗೆಗೂ ಕಾರಣವಾಯಿತು.

ತೊಂದರೆ ಹುಟ್ಟಿದ್ದು ಅಲ್ಲಿಂದ ಮುಂದೆ. ಎರಡು ವರ್ಷ ತುಂಬುವ ಹೊತ್ತಿಗೆ ಹೊಸ ಕೂದಲು ಹೆಗಲಿನ ಸಮೀಪಕ್ಕೆ ಬಂದಿತ್ತು. ಜ್ವರಕ್ಕೆ ಜಗ್ಗದೆ ಉಳಿದ ಹಳೆಯ ಕೂದಲು ಸೊಂಟವನ್ನು ಮುಟ್ಟಿತ್ತು. ಜಡೆ ಹೆಣೆದರೆ ಮೇಲೆ ಕೈತುಂಬ ಗಾತ್ರ, ಕೆಳಗಿಳಿಯುತ್ತ ಹೋದಂತೆ ಮೂಲಂಗಿಯ ಆಕಾರ, ತುದಿಯಲ್ಲಿ ಇಲಿಯ ಬಾಲ. ರಬ್ಬರ್ ಬ್ಯಾಂಡನ್ನು ಐದು ಸುತ್ತು ಸುತ್ತಿದರೂ ಮಧ್ಯಾಹ್ನದ ಪಾಠಕ್ಕೆ ಮುಂಚೆ ಜಾರಿಬೀಳುತ್ತಿತ್ತು. ಆಷಾಢದ ಮೊದಲ ಶುಕ್ರವಾರ ಚಾಮುಂಡಿಬೆಟ್ಟಕ್ಕೆ ಹೊರಟಾಗ ಅತ್ತೆಯವರು ಮುಡಿಸಿದ ಎರಡು ಮೊಳ ಹೂವು, ದರ್ಶನದ ಸಾಲಿನಲ್ಲಿ ನಿಂತಿರುವಾಗಲೇ ಯಾರದೋ ಕಾಲ ಕೆಳಗೆ ಬಿದ್ದುಹೋಯಿತು. ಆ ದಿನವೇ ಆಕೆ ಕತ್ತರಿಯ ಮಾತನ್ನು ಮೊದಲ ಬಾರಿಗೆ ಮನೆಯಲ್ಲಿ ಎತ್ತಿದ್ದು.

ಕೂದಲಿನ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯರು ಭೂಮಿಯ ಮೇಲಿಲ್ಲ. ಬೋಳುತಲೆಯವರಿಗಂತೂ ಎರಡೆರಡು ಅಭಿಪ್ರಾಯಗಳಿರುತ್ತವೆ. ಬೆಂಗಳೂರಿನ ನಾದಿನಿ ಫೋನಿನಲ್ಲಿ, “ಅತ್ತಿಗೆ, ಯೋಚನೆ ಮಾಡಲೇಬೇಡಿ. ಅರ್ಧ ಅಡಿ ತೆಗೆಸಿಬಿಡಿ. ಕತ್ತರಿಸಿದರೆ ದಟ್ಟವಾಗಿ ಬೆಳೆಯುತ್ತದೆ” ಎಂದಳು. ಪಾರ್ಲರಿನಾಕೆ ಅರ್ಧ ಅಡಿ ಸಾಲದೆಂದೂ ಒಂದು ಅಡಿಯಾದರೂ ಹೋಗಬೇಕೆಂದೂ, ಆಮೇಲೆ ಇಂತಿಂತಹ ಎಣ್ಣೆ, ಇಂತಿಂತಹ ಲೇಪಗಳನ್ನು ಕೊಳ್ಳಬೇಕೆಂದೂ ತಿಳಿಸಿದಳು. ಪಕ್ಕದ ಮನೆಯವರು ದಾಸವಾಳದ ಎಲೆ ಅರೆದು ಹಚ್ಚಿದರೆ ತುದಿಯೂ ದಪ್ಪವಾಗುವುದೆಂದು ಭರವಸೆಯಿತ್ತರು. ಯಜಮಾನರು ಜಡೆಯನ್ನು ಬಹಳ ಹೊತ್ತು ನೋಡಿ, “ಮೊದಲು ಹೇಗಿತ್ತು?” ಎಂದು ಕೇಳಿದರು. ಅತ್ತೆಯವರು ಏನೂ ಹೇಳದೆ ಕತ್ತರಿಯನ್ನು ತೆಗೆದು ತಮ್ಮ ಬೀರುವಿನಲ್ಲಿಟ್ಟರು.

ಕತ್ತರಿಸಿದರೆ ದಟ್ಟವಾಗುತ್ತದೆಂಬ ಮಾತನ್ನು ಎಷ್ಟು ಜನ ನಂಬಿದ್ದಾರೆಂಬುದನ್ನು ನೋಡಿದರೆ, ಅದು ಸುಳ್ಳೆಂದು ಹೇಳಲು ಸಂಕೋಚವಾಗುತ್ತದೆ. ಕೂದಲು ಬೆಳೆಯುವುದು ನೆತ್ತಿಯ ಚರ್ಮದೊಳಗಿನ ಬುಡದಲ್ಲಿ. ಹೊರಕ್ಕೆ ಬಂದ ಎಳೆ ಉಗುರಿನಂತೆ ಜೀವವಿಲ್ಲದ ವಸ್ತು. ಅದರಲ್ಲಿ ರಕ್ತವಿಲ್ಲ, ನರವಿಲ್ಲ, ತುದಿಯಲ್ಲಿ ನಡೆದ ಸಂಗತಿಯನ್ನು ಬುಡಕ್ಕೆ ಮುಟ್ಟಿಸುವ ಯಾವ ದಾರಿಯೂ ಇಲ್ಲ. ಅಮೆರಿಕದ ಶರೀರರಚನಾ ಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿಯೇ ಅಳತೆ ಮಾಡಿ, ಕ್ಷೌರದಿಂದ ಕೂದಲಿನ ವೇಗವಾಗಲಿ ದಪ್ಪವಾಗಲಿ ಬದಲಾಗುವುದಿಲ್ಲವೆಂದು ಪ್ರಕಟಿಸಿದ್ದರು. ಸುಮಾರು ನೂರು ವರ್ಷಗಳಾಗುತ್ತ ಬಂದರೂ ಮಕ್ಕಳ ತಲೆಯನ್ನು ಎರಡೆರಡು ಸಲ ಬೋಳಿಸುವ ಅಜ್ಜಿಯರ ಮೇಲೆ ಅದರ ಪ್ರಭಾವ ಬಿದ್ದಂತಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ, ಕಣ್ಣಿಗೆ ದಪ್ಪವಾಗಿ ತೋರುತ್ತದೆ. ನಂಬಿಕೆ ಉಳಿದಿರುವುದು ಈ ತೋರಿಕೆಯ ಬಲದ ಮೇಲೆ. ದಾಸವಾಳದ ಎಲೆಯ ವಿಷಯವೂ ಅಷ್ಟೆ: ನೊರೆ ಚೆನ್ನಾಗಿ ಬರುತ್ತದೆ, ಕೂದಲು ನುಣುಪಾಗುತ್ತದೆ, ಜೀವವಿಲ್ಲದ ಎಳೆಗೆ ಮೈ ತುಂಬಿಸುವ ಶಕ್ತಿ ಅದಕ್ಕಿಲ್ಲ.

ಇನ್ನು ತುದಿ ತೆಳುವಾಗುವುದೇ ಒಂದು ರೋಗವೆಂಬಂತೆ ಪಾರ್ಲರಿನವರು ಹೆದರಿಸುವುದರಲ್ಲಿ ಅರ್ಥವಿಲ್ಲ. ಪ್ರತಿಯೊಂದು ಕೂದಲಿಗೂ ಬೇರೆ ಬೇರೆ ಆಯುಷ್ಯವೆಂದ ಮೇಲೆ ಎಲ್ಲವೂ ಸೊಂಟ ಮುಟ್ಟುವುದು ಹೇಗೆ? ಸೊಂಟ ಮುಟ್ಟಲು ಆರು ವರ್ಷ ಬೇಕು. ಮೂರು ವರ್ಷಕ್ಕೆ ಉದುರುವ ಕೂದಲು ಅರ್ಧ ದಾರಿಯಲ್ಲಿಯೇ ನಿಲ್ಲುತ್ತದೆ. ಆದುದರಿಂದ ಉದ್ದವಾದ ಜಡೆ ಕೆಳಕ್ಕೆ ಹೋದಂತೆಲ್ಲ ಸಣ್ಣದಾಗಲೇಬೇಕು. ಕೂದಲಿನ ವ್ಯಾಪಾರಿಗಳಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ಊರೂರಿಂದ ಬಂದ ಕೂದಲಿನ ಗಂಟುಗಳನ್ನು ಹೆಂಗಸರು ಕುಳಿತು ಬಿಡಿಸಿ, ಬಾಚಿ, ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಮಾಡಿ ಹೊರದೇಶಗಳಿಗೆ ಕಳುಹಿಸುವ ದೊಡ್ಡ ಉದ್ಯಮವೇ ಇದೆ. ತಲೆಯಲ್ಲಿ ಇದ್ದಂತೆಯೇ ಗಿಡ್ಡ ಉದ್ದಗಳು ಬೆರೆತು ತುದಿ ತೆಳುವಾದ ಕಟ್ಟಿಗೆ ಈ ವ್ಯಾಪಾರದಲ್ಲಿ ಒಂದು ಬೆಲೆ. ಗಿಡ್ಡ ಎಳೆಗಳನ್ನೆಲ್ಲ ಹೆಕ್ಕಿ ತೆಗೆದು ಬುಡದಿಂದ ತುದಿಯವರೆಗೆ ಒಂದೇ ಗಾತ್ರ ಉಳಿಯುವಂತೆ ಮಾಡಿದ ಕಟ್ಟಿಗೆ ಅದಕ್ಕಿಂತ ಹೆಚ್ಚಿನ ಬೆಲೆ. ಜಾಹೀರಾತಿನ ಸುಂದರಿಯರ ಬೆನ್ನ ಮೇಲೆ ತೂಗುವ, ತುದಿಯಲ್ಲಿಯೂ ದಪ್ಪವಾದ ಕೂದಲು ಎಷ್ಟೋ ಸಲ ಎರಡನೆಯ ಬಗೆಯದು. ಅಂತಹುದು ಯಾರ ತಲೆಯಲ್ಲಿಯೂ ತಾನಾಗಿ ಬೆಳೆಯುವುದಲ್ಲ.

ಹಿಂದಿನವರಿಗೆ ಇದು ಸಮಸ್ಯೆಯೆಂದೇ ತೋರಿರಲಿಲ್ಲ. ಜಡೆಯ ತುದಿಗೆ ಕುಚ್ಚು ಸೇರಿಸಿ ಹೆಣೆದರೆ ಮುಗಿಯಿತು. ಮೂರು ಕಪ್ಪು ಕುಚ್ಚುಗಳ ಗೌರವದಲ್ಲಿ ಇಲಿಬಾಲ ಮರೆಯಾಗುತ್ತಿತ್ತು. ಉದ್ದ ಸಾಲದವರಿಗೆ ಚೌರಿಯಿತ್ತು. ಮೈಸೂರಿನ ಆ ಮನೆಯ ಹಜಾರದ ಗೋಡೆಯ ಮೇಲೆ ಅತ್ತೆಯವರ ಬಾಲ್ಯದ ಒಂದು ಛಾಯಾಚಿತ್ರ ಇಂದಿಗೂ ತೂಗುತ್ತಿದೆ: ಹತ್ತು ವರ್ಷದ ಹುಡುಗಿ, ಮುಖದಲ್ಲಿ ಅಳುವಿನ ಕಳೆ, ಹಿಂದೆ ನಿಲ್ಲಿಸಿದ ಕನ್ನಡಿಯಲ್ಲಿ ಮಂಡಿಯವರೆಗೆ ಇಳಿದ ಮೊಗ್ಗಿನ ಜಡೆ. ಆ ಜಡೆಯಲ್ಲಿ ಹುಡುಗಿಯ ಕೂದಲೆಷ್ಟು, ಚೌರಿ ಎಷ್ಟು, ಬಾಳೆಯ ಪಟ್ಟೆ ಎಷ್ಟು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ.

ತೆಳುವಾಗುವುದು ಸಹಜವಾದರೂ, ಸವೆಯುವುದು ಬೇರೆ. ಈ ಎರಡನ್ನೂ ಬೇರೆ ಮಾಡಿ ನೋಡದೆ ನಿರ್ಧಾರಕ್ಕೆ ಬರಬಾರದೆಂದು ಗಣಿತದ ಅಧ್ಯಾಪಕಿಗೆ ಅನ್ನಿಸಿತು. ಒಂದು ಭಾನುವಾರ ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಬಿಳಿಯ ಡ್ರಾಯಿಂಗ್ ಹಾಳೆಯ ಮೇಲೆ ಜಡೆಯ ತುದಿಯನ್ನು ಬಿಚ್ಚಿ ಹರಡಿದಳು. ಒಂದೊಂದು ಕೂದಲಿನ ಮೈಮೇಲೂ ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮವಾದ ಪದರಗಳಿರುತ್ತವೆ. ಬಿಸಿಲು, ಗಾಳಿ, ಬಾಚಣಿಗೆ, ಒದ್ದೆಗೂದಲನ್ನು ಟವೆಲಿನಿಂದ ತಿಕ್ಕುವ ಅವಸರ ಇವುಗಳಿಂದ ವರ್ಷ ವರ್ಷಕ್ಕೆ ಆ ಹೆಂಚುಗಳು ಕಿತ್ತುಹೋಗುತ್ತವೆ. ವಾರಕ್ಕೆ ಎರಡು ಸಲದಂತೆ ಲೆಕ್ಕ ಹಿಡಿದರೆ ಆಕೆಯ ಜಡೆಯ ತುದಿ ಐನೂರಕ್ಕೂ ಹೆಚ್ಚು ಸ್ನಾನಗಳನ್ನು ಕಂಡಿತ್ತು. ಸೂರು ಹೋದ ಮನೆಯಂತೆ ಒಳಗಿನ ನಾರುಗಳು ಬಯಲಿಗೆ ಬಿದ್ದು, ಹುರಿ ಬಿಚ್ಚಿದ ಹಗ್ಗದಂತೆ ಎರಡಾಗಿ ಮೂರಾಗಿ ಸೀಳಿಕೊಳ್ಳುತ್ತವೆ. ಕೆಲವು ಎಳೆಗಳಲ್ಲಿ ಬಿಳಿಯ ಚುಕ್ಕಿಗಳು ಕಾಣುತ್ತವೆ. ಮುಂದೆ ಮುರಿಯುವ ಜಾಗ ಅದು. ಸೀಳಿದ ಕೂದಲನ್ನು ಮತ್ತೆ ಬೆಸೆಯುವ ಎಣ್ಣೆಯಾಗಲಿ ಲೇಪವಾಗಲಿ ಇಲ್ಲ. ಎಣ್ಣೆಯಿಂದಾಗುವುದು ಸೀಳುವುದಕ್ಕೆ ಮುಂಚಿನ ಕಾವಲು ಮಾತ್ರ. ತಲೆ ತೊಳೆಯುವ ಮುನ್ನ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನೊಳಕ್ಕೆ ಇಳಿದು ಅದರ ಸತ್ತ್ವ ಸೋರಿಹೋಗುವುದನ್ನು ಕಡಮೆ ಮಾಡುತ್ತದೆಂದೂ, ಸೂರ್ಯಕಾಂತಿ ಎಣ್ಣೆಗಾಗಲಿ ಖನಿಜ ತೈಲಕ್ಕಾಗಲಿ ಆ ಗುಣವಿಲ್ಲವೆಂದೂ 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಶನಿವಾರ ಬಂದರೆ ಎಣ್ಣೆಯ ಬಟ್ಟಲು ಹಿಡಿದು ಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ತಾಯಂದಿರಿಗೆ ಇದೊಂದು ತಡವಾದ ಪ್ರಶಸ್ತಿಪತ್ರ.

ಹಾಳೆಯ ಮೇಲಿನ ತೀರ್ಪು ಸ್ಪಷ್ಟವಾಗಿತ್ತು. ತುದಿಯ ಎರಡು ಮೂರು ಅಂಗುಲ ಸೀಳಿ ಜೀರ್ಣವಾಗಿತ್ತು. ಅದರ ಮೇಲಿನದು ತೆಳುವಾಗಿದ್ದರೂ ಗಟ್ಟಿಯಾಗಿತ್ತು.

ಹಾಗಾದರೆ ಸೀಳಿದ್ದನ್ನಷ್ಟು ತೆಗೆದು ಸುಮ್ಮನೆ ಕಾಯ್ದರೆ ಆಗದೆ? ಹೊಸ ಕೂದಲು ಬೆಳೆದು ಬಂದು ಹಳೆಯದನ್ನು ಸೇರಿ ತುದಿ ತಾನಾಗಿ ತುಂಬಿಕೊಳ್ಳಲಾರದೆ? ಕೇಳಿದವರೆಲ್ಲ ಆಗುತ್ತದೆಂದೇ ಹೇಳಿದರು. ಆದರೆ ಏಳನೆಯ ತರಗತಿಯ ಮಕ್ಕಳಿಗೆ ವೇಗದ ಲೆಕ್ಕಗಳನ್ನು ವರ್ಷವರ್ಷವೂ ಹೇಳಿಕೊಟ್ಟ ತಲೆಗೆ ಒಂದು ದೋಷ ಕೂಡಲೇ ಹೊಳೆಯಿತು. ಒಬ್ಬ ಮೈಸೂರಿನಿಂದ ಮುಂಜಾನೆಯೇ ಹೊರಟಿದ್ದಾನೆ. ಇನ್ನೊಬ್ಬ ಮಧ್ಯಾಹ್ನ ಹೊರಟಿದ್ದಾನೆ. ಇಬ್ಬರ ವೇಗವೂ ಒಂದೇ. ಎರಡನೆಯವನು ಮೊದಲನೆಯವನನ್ನು ಎಲ್ಲಿ ಕೂಡಿಕೊಳ್ಳುತ್ತಾನೆ? ಎಲ್ಲಿಯೂ ಇಲ್ಲ. ಹೊಸ ಕೂದಲಿಗೂ ಹಳೆಯ ಕೂದಲಿಗೂ ವೇಗ ತಿಂಗಳಿಗೆ ಅದೇ 1.2 ಸೆಂಟಿಮೀಟರ್. ಹೊಸದು 25 ಸೆಂಟಿಮೀಟರ್, ಹಳೆಯದು 84. ನಡುವಿನ ಅಂತರ 59. ಬರುವ ವರ್ಷವೂ ಅದು 59, ಅದರ ಮುಂದಿನ ವರ್ಷವೂ 59. ಹಳೆಯ ಕೂದಲು ಆಯುಷ್ಯ ತೀರಿ ಉದುರಬೇಕು. ಇಲ್ಲವೆ ಮುಂದೆ ಹೋದವನನ್ನು ಯಾರಾದರೂ ದಾರಿಯಲ್ಲಿ ತಡೆದು ನಿಲ್ಲಿಸಬೇಕು. ಆ ತಡೆಯುವ ಕೆಲಸ ಕತ್ತರಿಯದು. ನಾದಿನಿಯ ಮಾತು ಸುಳ್ಳಾದರೂ ಅದರೊಳಗೊಂದು ನಿಜ ಅಡಗಿತ್ತೆಂದು ಹೇಳಬೇಕು: ಕತ್ತರಿ ಕೂದಲನ್ನು ಬೆಳೆಸುವುದಿಲ್ಲ, ಹಿಂದೆ ಬಿದ್ದದ್ದಕ್ಕೆ ಕಾಲಾವಕಾಶ ಕೊಡುತ್ತದೆ.

ಇಷ್ಟು ತಿಳಿದ ಮೇಲೆ ಒಂದು ಗೇಣು ಒಟ್ಟಿಗೆ ತೆಗೆಸಿಬಿಡುವುದೇ ಬುದ್ಧಿವಂತಿಕೆಯಾಗಿತ್ತು. ಆಕೆ ಎರಡು ಸಲ ಪಾರ್ಲರಿನ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದಳು. ಯಜಮಾನರು ಅದನ್ನು ಜಿಪುಣತನವೆಂದು ತಮಾಷೆ ಮಾಡಿದರು. ಕಾರಣ ಬೇರೆಯಿತ್ತು, ಅದೂ ಲೆಕ್ಕದಿಂದಲೇ ಹೊರಬಿದ್ದದ್ದು.

2021ರ ಯುಗಾದಿಗೆ ಆಕೆ ತವರಿಗೆ ಹೋಗಿದ್ದಳು. ಹಬ್ಬದ ಬೆಳಗ್ಗೆ ತಾಯಿ ಮಣೆಯ ಮೇಲೆ ಕೂರಿಸಿ, ಬಿಸಿ ಮಾಡಿದ ಎಣ್ಣೆಯನ್ನು ನೆತ್ತಿಗೆ ತಟ್ಟಿ, ಬೆರಳುಗಳಿಂದ ಎಳೆ ಎಳೆಯನ್ನೂ ಬಿಡಿಸಿ ತಿಕ್ಕಿದ್ದರು. ಆಮೇಲೆ ಬೆನ್ನ ಹಿಂದೆ ಕೈಯಗಲಿಸಿ ಅಳೆದು, “ಒಂದು ಗೇಣು ದಾಟಿತು ನೋಡು. ನಾಲ್ಕು ಗೇಣಾದರೆ ಸೊಂಟ” ಎಂದಿದ್ದರು. ಅಂದು ಆಕೆಯ ತಲೆಯ ಮೇಲಿದ್ದ ಕೂದಲೇ ಅಷ್ಟು. ಮೇ ತಿಂಗಳಲ್ಲಿ ತಾಯಿ ತೀರಿಕೊಂಡರು. ಆ ಯುಗಾದಿಯಿಂದ ಈ ಆಷಾಢಕ್ಕೆ 51 ತಿಂಗಳು, 51ನ್ನು 1.2ರಿಂದ ಗುಣಿಸಿದರೆ 61 ಸೆಂಟಿಮೀಟರಿಗೆ ತುಸು ಹೆಚ್ಚು. 84ರಲ್ಲಿ 61 ಕಳೆದರೆ 23. ಎಂದರೆ ಒಂದು ಗೇಣು.

ಜಡೆಯ ಕೊನೆಯ ಆ ಗೇಣು ಹೊರತು ಉಳಿದ ಕೂದಲೆಲ್ಲವೂ ತಾಯಿ ಹೋದ ಮೇಲೆ ಹುಟ್ಟಿದ್ದು. ತಾಯಿಯ ಬೆರಳು ಮುಟ್ಟಿದ್ದ ಕೂದಲು, ಅಂದಿನ ಇಡೀ ತಲೆ, ಇಂದು ತುದಿಯಾಗಿ ತೂಗುತ್ತಿತ್ತು. ಸೀಳಿಹೋಗಿದ್ದು ಅದೇ, ಇಲಿಬಾಲವೆನ್ನಿಸಿಕೊಂಡದ್ದು ಅದೇ, ಪಾರ್ಲರಿನಾಕೆ ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಮುಖ ಸಿಂಡರಿಸಿದ್ದೂ ಅದನ್ನೇ. ಲೆಕ್ಕ ಬರೆದ ಚೀಟಿಯನ್ನು ಆಕೆ ಯಾರಿಗೂ ತೋರಿಸದೆ ಪುಸ್ತಕದೊಳಗೆ ಇಟ್ಟುಕೊಂಡಳು. ಕೂದಲಿಗೆ ಜೀವವಿಲ್ಲ, ಅದಕ್ಕೆ ಮುಟ್ಟಿದ ನೆನಪೂ ಇರುವುದಿಲ್ಲ ಎಂಬುದನ್ನು ಬಲ್ಲವಳೇ. ಬಲ್ಲವರಿಗೂ ಕೆಲವು ವಸ್ತುಗಳನ್ನು ಎಸೆಯಲು ಕೈ ಬರುವುದಿಲ್ಲ. ತಂದೆಯ ಮುರಿದ ಕನ್ನಡಕವನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡ ಗಂಡಸರು ಈ ವಿಷಯದಲ್ಲಿ ನಗಬಾರದು.

ಚೀಟಿ ಅತ್ತೆಯವರ ಕಣ್ಣಿಗೆ ಬಿದ್ದದ್ದು ಆಕಸ್ಮಿಕ. ಲೆಕ್ಕ ಅವರಿಗೆ ಅರ್ಥವಾಗಲಿಲ್ಲ. ಅಂಚಿನಲ್ಲಿ ಬರೆದಿದ್ದ ‘ಅಮ್ಮ’ ಎಂಬ ಎರಡಕ್ಷರ ಅರ್ಥವಾಯಿತು. ಅಂದು ಸಂಜೆ ದೀಪ ಹಚ್ಚುವುದಕ್ಕೆ ಇನ್ನೂ ಹೊತ್ತಿರುವಾಗ ಸೊಸೆಯನ್ನು ಜಗಲಿಯ ಮೇಲೆ ಕೂರಿಸಿ ಸಿಕ್ಕು ಬಿಡಿಸುತ್ತ, ಆ ಮನೆಯಲ್ಲಿ ಯಾರೂ ಕೇಳಿರದ ಒಂದು ಕಥೆ ಹೇಳಿದರು. ಮದುವೆಯಾದ ಕೆಲವು ವರ್ಷಗಳ ಮೇಲೆ ಗಂಡನೊಡನೆ ಕಾಶೀಯಾತ್ರೆಗೆ ಹೋದವರು ಪ್ರಯಾಗದಲ್ಲಿ ವೇಣೀದಾನ ಮಾಡಿದ್ದರು. ದಕ್ಷಿಣ ದೇಶದಿಂದಲೂ ಮಹಾರಾಷ್ಟ್ರದಿಂದಲೂ ಹೋದ ದಂಪತಿಗಳು ತ್ರಿವೇಣೀ ಸಂಗಮದಲ್ಲಿ ನಡೆಸುವ ವಿಧಿ ಅದು. ಗಂಡನೇ ಹೆಂಡತಿಯ ತಲೆ ಬಾಚಿ, ಜಡೆ ಹೆಣೆದು, ಅದರ ತುದಿಯನ್ನು ಕತ್ತರಿಸಿ ಅರಿಸಿನ ಕುಂಕುಮದೊಡನೆ ನದಿಗೆ ಅರ್ಪಿಸಬೇಕು. ಗಂಗೆ, ಯಮುನೆ ಕಣ್ಣಿಗೆ ಕಾಣುತ್ತವೆ, ಸರಸ್ವತಿ ಕಾಣಳು. ಮೂರೆಳೆಯ ಜಡೆಯಲ್ಲಿಯೂ ಎತ್ತ ನೋಡಿದರೂ ಒಂದೆಳೆ ಮರೆಯಾಗಿಯೇ ಇರುತ್ತದೆ. ಸಂಗಮಕ್ಕೆ ವೇಣಿಯ ಹೆಸರು ಒಪ್ಪಿರುವುದು ಹಾಗೆ. ಬೇರೆ ನೀರಿನಲ್ಲಿ ತೇಲುವ ಕೂದಲು ಅಲ್ಲಿ ಮುಳುಗುತ್ತದೆಂಬುದು ಯಾತ್ರಿಕರ ನಂಬಿಕೆ.

“ನಿಮ್ಮ ಮಾವನವರಿಗೆ ಜಡೆ ಹೆಣೆಯೋಕೆ ಎಲ್ಲಿ ಬರಬೇಕು? ಹಗ್ಗ ಹೊಸೆದ ಹಾಗೆ ಹೊಸೆದರು. ದೋಣಿಯವನೂ ನಕ್ಕ. ಎರಡು ಬೆರಳು ಕತ್ತರಿಸು ಅಂದರೆ ಕೈ ನಡುಗಿ ನಾಲ್ಕು ಬೆರಳು ಕತ್ತರಿಸಿದರು. ನಾನು ಅಲ್ಲೇ ಅತ್ತುಬಿಟ್ಟೆ” ಎಂದರು ಅತ್ತೆಯವರು.

“ಆಮೇಲೆ?” ಎಂದು ಸೊಸೆ ಕೇಳಿದಳು.

“ಆಮೇಲೇನು? ಒಂದು ವರ್ಷಕ್ಕೆ ಮತ್ತೆ ಅಷ್ಟೇ ಆಯಿತು. ಕೊಟ್ಟದ್ದು ಗಂಗೆಯಲ್ಲಿದೆ, ಬಂದದ್ದು ತಲೆ ಮೇಲಿದೆ. ನಿಮ್ಮ ಮಾವನವರು ಮಾತ್ರ ಇಲ್ಲ.”

ಅಷ್ಟು ಹೇಳಿ ಅವರು ಎದ್ದು ಒಳಗೆ ಹೋದರು. ಮರುದಿನ ಬೀರುವಿನಲ್ಲಿದ್ದ ಕತ್ತರಿ ಹೊಲಿಗೆಯ ಯಂತ್ರದ ಪಕ್ಕದಲ್ಲಿ, ಅದರ ಹಳೆಯ ಜಾಗದಲ್ಲಿ ಕಾಣಿಸಿತು.

ಗಣಿತದ ಅಧ್ಯಾಪಕಿ ಮತ್ತೊಂದು ಚೀಟಿ ಬರೆದಳು. ಗೇಣನ್ನು ಒಟ್ಟಿಗೆ ತೆಗೆಯಬೇಕಾಗಿಲ್ಲ. ನಾಲ್ಕು ತಿಂಗಳಲ್ಲಿ ಕೂದಲು ಬೆಳೆಯುವುದು 4.8 ಸೆಂಟಿಮೀಟರ್, ಅದರಲ್ಲಿ ಎರಡು ಬೆರಳು, ಎಂದರೆ ಮೂರೂವರೆ ಸೆಂಟಿಮೀಟರ್ ಮಾತ್ರ ತೆಗೆದರೆ, ಸೀಳಿದ ಭಾಗ ಮೇಲಕ್ಕೆ ಹಬ್ಬುವುದು ತಪ್ಪುತ್ತದೆ, ಉದ್ದವೂ ಹಿಂದಕ್ಕೆ ಹೋಗುವುದಿಲ್ಲ. ಇಂದು ಮೊದಲ ಸಲವಾದರೆ ಏಳನೆಯ ಸಲಕ್ಕೆ ಎರಡು ವರ್ಷ. ಅಷ್ಟರಲ್ಲಿ ಹೊಸ ಕೂದಲು 54 ಸೆಂಟಿಮೀಟರ್ ಆಗಿ ನಡುಬೆನ್ನಿಗೆ ಬಂದಿರುತ್ತದೆ. ಜಡೆಯ ಒಟ್ಟು ಉದ್ದ 88. ತಾಯಿ ಹೇಳಿದ ನಾಲ್ಕು ಗೇಣಿಗೆ ಇನ್ನು ನಾಲ್ಕೇ ಸೆಂಟಿಮೀಟರ್ ಕಡಮೆ. ಯುಗಾದಿಯ ಎಣ್ಣೆ ಕಂಡ ಗೇಣು ಏಳನೆಯ ಕತ್ತರಿಗೆ ಪೂರ್ತಿಯಾಗಿ ಹೋಗಿರುತ್ತದೆ. ಅದಕ್ಕೆ ಎರಡು ವರ್ಷದ ವಾಯಿದೆ ಸಿಕ್ಕಿತು.

ಆಷಾಢದ ಒಂದು ಬುಧವಾರ, ಹಗಲು ಹನ್ನೊಂದು ಗಂಟೆಗೆ, ರಾಹುಕಾಲ ಯಮಗಂಡಕಾಲಗಳನ್ನು ಪಂಚಾಂಗದಲ್ಲಿ ನೋಡಿಕೊಂಡು ಅತ್ತೆಯವರೇ ಕತ್ತರಿ ಹಿಡಿದರು. ಪಾರ್ಲರಿಗೆ ಕೊಡುವ ಹಣ ದಂಡವೆಂಬುದು ಅವರು ಹೇಳಿದ ಕಾರಣ. ಕೂದಲನ್ನು ನೀರು ಚಿಮುಕಿಸಿ ನೇರವಾಗಿ ಬಾಚಿ, ಕೆಳಗಿನಿಂದ ಎರಡು ಬೆರಳು ಬಿಟ್ಟು ದಾರ ಕಟ್ಟಿ, ದಾರದ ಕೆಳಗೆ ಕತ್ತರಿ ಆಡಿಸಿದರು. ಕೈ ನಡುಗಲಿಲ್ಲ. ಕತ್ತರಿಸಿದ ತುದಿಗೆ ಸೊಸೆ ಕಪ್ಪು ನೂಲು ಸುತ್ತಿ, ಅಳತೆಪಟ್ಟಿ ಇಡುವ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಉಳಿದ ಜಡೆಯನ್ನು ಅತ್ತೆಯವರು ಬಿಗಿಯಾಗಿ ಹೆಣೆದು, ತಮ್ಮ ಪೆಟ್ಟಿಗೆಯಿಂದ ಹುಡುಕಿ ತೆಗೆದ ಹಳೆಯ ಕುಚ್ಚನ್ನು ತುದಿಗೆ ಸೇರಿಸಿದರು. ಅದು ಸ್ವಲ್ಪ ಮಾಸಿತ್ತು; ಆದರೆ ಸಂಜೆಯವರೆಗೆ ಜಾರಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನವೆಂಬರ್ ತಿಂಗಳ ಹಾಳೆಯನ್ನು ಎತ್ತಿ, ಒಂದು ಬುಧವಾರಕ್ಕೆ ಸೊಸೆ ಪೆನ್ಸಿಲಿನಿಂದ ಸಣ್ಣದೊಂದು ಗುರುತು ಹಾಕಿದಳು.